ಮೂರು ಪುಸ್ತಕ ಮುಗಿದ ಮೇಲೆ ಏನು ಓದಬೇಕು?

ಇದು 1990ರ ದಶಕದ ನಡುವಿನ ಮಾತು. ಸಾಕ್ಷರತಾ ಆಂದೋಲನ ರಾಜ್ಯದ ಜಿಲ್ಲೆ ಜಿಲ್ಲೆಗೂ ಹಬ್ಬುತ್ತಿದ್ದ ಕಾಲ. ಆಗ ಇನ್ನೂ ಅವಿಭಜಿತವಾಗಿದ್ದ ಗುಲ್ಬರ್ಗ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ ಕಲಿಕಾ ಕೇಂದ್ರದ ತಪಾಸಣೆಗೆಂದು ಹೋಗಿದ್ದೆ. ಲಾಟೀನಿನ ಬೆಳಕಿನಲ್ಲಿ ಹನ್ನೆರಡು ಮಂದಿ ಹೆಂಗಸರು ಕುಳಿತಿದ್ದರು. ನಲವತ್ತು ದಾಟಿದ ಒಬ್ಬಾಕೆ ಮೂರನೆಯ ಪುಸ್ತಕದ ಕೊನೆಯ ಪಾಠವನ್ನು ತಡವರಿಸದೆ ಓದಿದಳು. ನಾನು ಮೆಚ್ಚುಗೆಯ ಮಾತನಾಡಿ ಮೇಲೇಳುವಷ್ಟರಲ್ಲಿ ಆಕೆ ಕೇಳಿದ ಪ್ರಶ್ನೆ ಹೀಗಿತ್ತು: 'ಮೂರೂ ಪುಸ್ತಕ ಮುಗದಾವ್ರಿ ಸಾಹೇಬ್ರ. ಇನ್ನ ಏನ ಓದ್ಲಿ?'

ನನ್ನಲ್ಲಿ ಉತ್ತರವಿರಲಿಲ್ಲ. ಜೀಪಿನಲ್ಲಿ ಆ ದಿನದ ದಿನಪತ್ರಿಕೆಯೊಂದಿತ್ತು. ಅದನ್ನು ತರಿಸಿ ಆಕೆಯ ಕೈಗಿಟ್ಟೆ. ಆಕೆ ತಲೆಬರಹದ ಮೇಲೆ ಬೆರಳಿಟ್ಟು 'ಪ್ರ'ದ ಬಳಿ ನಿಂತಳು, 'ಕ್ಷೇ'ಯ ಬಳಿ ಇನ್ನೊಮ್ಮೆ ನಿಂತಳು, ಮತ್ತೆ ಮುಂದೆ ಹೋಗಲಿಲ್ಲ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಂದಿರುಗಿಸಿದಳು. ವರದಿಯಲ್ಲಿ ನಾನು ಆ ಕೇಂದ್ರದ ಪ್ರಗತಿ ತೃಪ್ತಿಕರವೆಂದು ಬರೆದೆ. ಸೇವೆಯಲ್ಲಿ ಬರೆದ ನೂರಾರು ವರದಿಗಳ ಪೈಕಿ ಈ ಒಂದು ವಾಕ್ಯ ಇಂದಿಗೂ ನನ್ನನ್ನು ಕಾಡುತ್ತದೆ.

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ವಿನ್ಯಾಸದಲ್ಲಿ ಮೂರು ಪ್ರವೇಶಿಕೆಗಳಿದ್ದವು. ಸುಮಾರು 200 ಗಂಟೆಗಳ ಕಲಿಕೆಯಲ್ಲಿ ಅವುಗಳನ್ನು ಮುಗಿಸಬೇಕಿತ್ತು. ಅನಂತರ 'ಸಾಕ್ಷರೋತ್ತರ' ಹಂತ. ಮೊದಲ ಹಂತಕ್ಕೆ ಜಾಥಾ ಇತ್ತು, ಬೀದಿ ನಾಟಕವಿತ್ತು, ಹಾಡುಗಳಿದ್ದವು, ಮುಖ್ಯವಾಗಿ ಅಂಕಿಅಂಶಗಳಿದ್ದವು. ಎರಡನೆಯ ಹಂತಕ್ಕೆ ಬರುವ ವೇಳೆಗೆ ಎಲ್ಲರಿಗೂ ದಣಿವಾಗಿತ್ತು. 1990ರ ಫೆಬ್ರುವರಿಯಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದಾಗ ನಾವೆಲ್ಲ ಅದನ್ನು ಮಾದರಿಯಾಗಿ ಇಟ್ಟುಕೊಂಡೆವು. ಅಲ್ಲಿ ಅಕ್ಷರ ಕಲಿತವರ ಸುತ್ತಮುತ್ತ ಮೊದಲೇ ವಾಚನಾಲಯಗಳಿದ್ದವು, ಪತ್ರಿಕೆಗಳಿದ್ದವು, ಅಂಗಡಿ ಜಗಲಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ರೂಢಿಯಿತ್ತು. ಸುರಪುರದ ಹಳ್ಳಿಯಲ್ಲಿ ಇದ್ದದ್ದು ಮೂರು ಪ್ರವೇಶಿಕೆಗಳು ಮಾತ್ರ. ಓದುವುದು ಈಜಿನಂತೆ ಒಮ್ಮೆ ಕಲಿತರೆ ಮರೆಯದ ವಿದ್ಯೆಯಲ್ಲ. ವಯಸ್ಸಾದ ಮೇಲೆ ಕಲಿತದ್ದನ್ನು ಒಂದೆರಡು ವರ್ಷ ಬಳಸದಿದ್ದರೆ ಅದು ಹೊರಟೇ ಹೋಗುತ್ತದೆ. ಉಳಿಯುವುದು ಸಹಿ ಮಾತ್ರ.

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದ ಈ ಜಿಲ್ಲೆಯಲ್ಲಿ ಈಗ ಗುರುಮಠಕಲ್, ವಡಗೇರಾ, ಹುಣಸಗಿಗಳೂ ಸೇರಿ ಆರು ತಾಲ್ಲೂಕುಗಳಿವೆ. 2011ರ ಜನಗಣತಿಯ ಪ್ರಕಾರ ಇಲ್ಲಿನ ಸಾಕ್ಷರತೆ ಶೇ 52ರಷ್ಟು. ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರ ಪ್ರಮಾಣ ಶೇ 41ರ ಆಸುಪಾಸು, ಗಂಡಸರದು ಶೇ 62. ಅದೇ ವರ್ಷ ರಾಜ್ಯದ ಮಹಿಳಾ ಸಾಕ್ಷರತೆ ಶೇ 68 ಇತ್ತು. 2021ರ ಜನಗಣತಿ ಆ ವರ್ಷ ನಡೆಯದೇ ಹೋದದ್ದರಿಂದ ಹಳೆಯ ಅಂಕಿಗಳನ್ನೇ ಹಿಡಿದು ಮಾತನಾಡಬೇಕಾಗಿದೆ. ಈ ನಡುವೆ ಹೆಣ್ಣುಮಕ್ಕಳ ಶಾಲಾ ದಾಖಲಾತಿ ಹೆಚ್ಚಿರುವುದು ನಿಜ. ಆದರೆ ಆಗ ಮೂವತ್ತು ವರ್ಷದವಳಾಗಿದ್ದು ಅಕ್ಷರ ತಿಳಿಯದಿದ್ದ ಹೆಂಗಸು ಈಗ ನಲವತ್ತೈದರ ಗಡಿಯಲ್ಲಿ ಇದ್ದಾಳೆ. ಮನೆಯ ಸಂಸಾರವನ್ನು, ಸಂಘದ ಸಾಲವನ್ನು, ಸುಗ್ಗಿಯ ಕೂಲಿಯನ್ನು ನಿಭಾಯಿಸುತ್ತಿರುವವಳು ಅವಳೇ. 'ಮುಂದಿನ ಪೀಳಿಗೆ ಬಂದರೆ ಸಮಸ್ಯೆ ತಾನಾಗಿ ತೀರುತ್ತದೆ' ಎಂದು ಸಭೆಗಳಲ್ಲಿ ಹೇಳುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಬದುಕಿರುವವರ ಸಮಸ್ಯೆಗೆ ಅವರ ಸಾವನ್ನೇ ಪರಿಹಾರವೆಂದು ಎಣಿಸುವ ಲೆಕ್ಕಾಚಾರವನ್ನು ನಾನು ಓದಿದ ಯಾವ ಅರ್ಥಶಾಸ್ತ್ರವೂ ಕಲಿಸಲಿಲ್ಲ.

ಕಾರ್ಯಕ್ರಮಗಳಿಗೆ ಕೊರತೆಯೇನೂ ಆಗಿಲ್ಲ. ಮಹಿಳಾ ಸಾಕ್ಷರತೆ ಶೇ 50ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳನ್ನೇ ಆರಿಸಿ 2009ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ 'ಸಾಕ್ಷರ ಭಾರತ್' 2018ರ ಮಾರ್ಚ್‌ವರೆಗೆ ನಡೆಯಿತು. ಅದರ ನಂತರ ಬೇರೆ ಹೆಸರಿನಲ್ಲಿ ಇನ್ನೊಂದು, 2022ರಿಂದ ಮತ್ತೊಂದು. ಇವೆಲ್ಲವೂ ಎಷ್ಟು ಜನ ಕಲಿತರು, ಎಷ್ಟು ಜನ ಪರೀಕ್ಷೆ ಬರೆದರು ಎಂದು ಕೇಳುತ್ತವೆ. ಕಲಿತ ಮೇಲೆ ಆಕೆ ಏನನ್ನು ಓದಿದಳು ಎಂದು ಕೇಳುವ ಕಲಮು ನಾನು ತುಂಬಿದ ಯಾವ ನಮೂನೆಯಲ್ಲೂ ಇರಲಿಲ್ಲ.

ಓದಲು ಏನೂ ಇಲ್ಲವೆಂದಲ್ಲ. ನವಸಾಕ್ಷರರಿಗೆಂದು ಅಚ್ಚಾದ ಕಿರುಹೊತ್ತಗೆಗಳ ಕಟ್ಟುಗಳನ್ನು ನಾನೇ ಹಂಚಿದ್ದೇನೆ. ಅವುಗಳಲ್ಲಿ ಎರಡು ಬಗೆ. ಮೊದಲನೆಯದು ಮಕ್ಕಳ ಪುಸ್ತಕ: ಕಾಗೆ, ನರಿ, ಜಾಣ ಮೊಲ. ಸಣ್ಣ ವಾಕ್ಯ, ದೊಡ್ಡ ಅಕ್ಷರ ಇರುವುದರಿಂದ ಇವು ಸುಲಭವೆಂದು ತರಿಸಲಾಗುತ್ತದೆ. ನಾಲ್ಕು ಮಕ್ಕಳನ್ನು ಹೆತ್ತು, ಇಬ್ಬರ ಮದುವೆ ಮಾಡಿ, ಬರಗಾಲದಲ್ಲಿ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿ ಇಟ್ಟಿಗೆ ಹೊತ್ತು ಬಂದವಳ ಮುಂದೆ ಜಾಣ ಮೊಲದ ಕಥೆಯನ್ನಿಟ್ಟರೆ ಆಕೆ ಸೌಜನ್ಯಕ್ಕೆ ಓದುತ್ತಾಳೆ, ಅಷ್ಟೆ. ಎರಡನೆಯದು ಉಪದೇಶದ ಪುಸ್ತಕ: ಕೈ ತೊಳೆಯಿರಿ, ಶೌಚಾಲಯ ಕಟ್ಟಿಸಿ, ಲಸಿಕೆ ಹಾಕಿಸಿ, ಉಳಿತಾಯ ಮಾಡಿ. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಪ್ರತಿ ಪುಟದಲ್ಲೂ ತನ್ನ ತಪ್ಪನ್ನೇ ತಿದ್ದುವ ಪುಸ್ತಕವನ್ನು ಯಾರು ತಾನೇ ಎರಡನೆಯ ಸಲ ತೆರೆಯುತ್ತಾರೆ? ನಾವು, ಅಂದರೆ ಈ ಪುಟವನ್ನು ಓದುತ್ತಿರುವವರು, ಬೆಳಗಿನ ಪತ್ರಿಕೆಯಲ್ಲಿ ಮೊದಲು ತಿರುವಿ ಹಾಕುವುದು ಆರೋಗ್ಯ ಸಲಹೆಯ ಪುಟವನ್ನಲ್ಲ. ಜಗಳ, ಕಳ್ಳತನ, ರಾಜಕೀಯ, ಸಿನಿಮಾ, ರಾಶಿಫಲ ಇವುಗಳ ಹಕ್ಕು ನಮಗಿದ್ದಂತೆ ಆಕೆಗೂ ಇದೆ.

ಇಲ್ಲಿ ಭಾಷೆಯ ಕಷ್ಟವೊಂದನ್ನು ಹೇಳಬೇಕು. ಕನ್ನಡದ ಒಂದನೆಯ ತರಗತಿಯ ಪುಸ್ತಕ 'ರ, ಗ, ಸ, ದ, ಅ' ಎಂಬ ಕ್ರಮದಲ್ಲಿ ಆರಂಭವಾಗುವುದನ್ನು ಅನೇಕರು ಬಲ್ಲರು. ಬರೆಯಲು ಸುಲಭವಾದ ಐದು ಅಕ್ಷರಗಳಿಂದ ಸರ, ದಸರ, ಅರಸ, ಅಗಸ, ಗರಗಸ ಇತ್ಯಾದಿ ಪದಗಳಾಗುತ್ತವೆ. ಮಗುವಿಗೆ ಇದು ಆಟ. ವಯಸ್ಕರ ಪಾಠಗಳನ್ನು ರೂಪಿಸಲು ಕುಳಿತವರಲ್ಲೂ ಒತ್ತಕ್ಷರ ಕಠಿಣ, ಅದನ್ನು ಕಡೆಗೆ ಕಲಿಸಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಒಂದು ಕೇಂದ್ರದಲ್ಲಿ ನಾನು ಕುತೂಹಲಕ್ಕೆ ಹೆಂಗಸರನ್ನೇ ಕೇಳಿದೆ: ನಿಮಗೆ ಮೊದಲು ಯಾವ ಪದ ಬರೆಯಲು ಬರಬೇಕು? ಅವರು ಹೇಳಿದ್ದು ತಮ್ಮ ಹೆಸರು, ಆಮೇಲೆ ಅವ್ವ, ರೊಟ್ಟಿ, ರೊಕ್ಕ, ಎಮ್ಮೆ, ಹಬ್ಬ, ಬಸ್ಸು, ಬಡ್ಡಿ. ಒತ್ತಿಲ್ಲದ ಪದ ಇದರಲ್ಲಿ ಒಂದೂ ಇಲ್ಲ! ಆ ಸೀಮೆಯ ಹೆಂಗಸರ ಹೆಸರುಗಳಾದರೂ ಏನು? ಯಲ್ಲಮ್ಮ, ನಾಗಮ್ಮ, ಶರಣಮ್ಮ, ಭೀಮವ್ವ, ಹಣಮವ್ವ. 'ಮ್ಮ', 'ವ್ವ' ಇಲ್ಲದೆ ಆಕೆಗೆ ತನ್ನ ಹೆಸರನ್ನೇ ಬರೆಯಲಾಗದು. ಸುಲಭದಿಂದ ಕಠಿಣಕ್ಕೆ ಎಂಬ ನಮ್ಮ ನಿಯಮ ಆಕೆಯನ್ನು ಆಕೆಯ ಹೆಸರಿನಿಂದ, ತಾಯಿಯಿಂದ, ರೊಟ್ಟಿಯಿಂದ ತಿಂಗಳುಗಟ್ಟಲೆ ದೂರ ಇಟ್ಟು ಗರಗಸವನ್ನು ಕೈಗೆ ಕೊಟ್ಟಿತ್ತು. ವಾಸ್ತವದಲ್ಲಿ ಒಂದೇ ವ್ಯಂಜನ ಇಮ್ಮಡಿಸುವ ಒತ್ತು ಅಷ್ಟೇನೂ ಕಷ್ಟದ್ದಲ್ಲ. ಕಷ್ಟವಿರುವುದು 'ಕ್ಷೇ', 'ಸ್ತ್ರ', 'ಷ್ಟ್ರ'ಗಳಲ್ಲಿ. ಅವು ಹೆಚ್ಚಾಗಿ ಬರುವುದು ಸರ್ಕಾರಿ ಕನ್ನಡದಲ್ಲಿ.

ಬ್ರೆಜಿಲ್ಲಿನ ಶಿಕ್ಷಣ ಚಿಂತಕ ಪೌಲೊ ಫ್ರೈರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಶ್ರಮಿಕರಿಗೆ ಅಕ್ಷರ ಕಲಿಸಲು ಹೊರಟಾಗ ಮೊದಲು ಮಾಡಿದ್ದು ಅವರ ಬಾಯಲ್ಲಿ ದಿನವೂ ಓಡಾಡುವ ಪದಗಳನ್ನು ಆಯ್ದುಕೊಳ್ಳುವ ಕೆಲಸವನ್ನು. ನಾವು ಫ್ರೈರೆಯ ಹೆಸರನ್ನು ತರಬೇತಿ ಶಿಬಿರಗಳಲ್ಲಿ ಧಾರಾಳವಾಗಿ ಬಳಸಿದೆವು. ಪದ ಆಯುವ ಶ್ರಮ ಮಾತ್ರ ಬೇಡವಾಯಿತು.

ಹಾಗೆಂದು ಸುರಪುರದ ಆಡುಮಾತಿನಲ್ಲೇ ಎಲ್ಲವನ್ನೂ ಬರೆದು ಕೊಟ್ಟರೆ ಸಾಕೆಂದು ವಾದಿಸುವುದು ನನಗೆ ಸಾಧ್ಯವಿಲ್ಲ. ಒಮ್ಮೆ ಹಾಗೆ ವಾದಿಸಿದ್ದೆ. ಸ್ವಯಂಸೇವಕಿಯೊಬ್ಬಳಿಂದ ಅಲ್ಲಿನ ಮಾತಿನಲ್ಲೇ ಒಂದು ಪುಟ ಬರೆಸಿ ಓದಿಸಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು, ಸಲೀಸಾಗಿ ಓದಿದರು. ಆದರೆ ಮುಗಿದ ಮೇಲೆ ಒಬ್ಬಾಕೆ ಹೇಳಿದ ಮಾತು: 'ನಮ್ಮ ಮಾತ ನಮಗ ಗೊತ್ತೇ ಅದರಿ. ಪುಸ್ತಕದ ಮಾತ ಕಲೀಬೇಕಂತ ಬಂದೀವಿ.' ಆಕೆಗೆ ಮಗಳ ಪಠ್ಯಪುಸ್ತಕ ಓದಬೇಕಿತ್ತು, ತಹಶೀಲ್ದಾರರ ಕಚೇರಿಯ ನೋಟಿಸು ಓದಬೇಕಿತ್ತು. ಆಡುಮಾತಿನಲ್ಲಿ ಆರಂಭ, ಗ್ರಂಥಭಾಷೆಯತ್ತ ನಡಿಗೆ ಎಂದು ಹೇಳುವುದು ಸುಲಭ. ಆ ನಡಿಗೆಗೆ ಬೇಕಾದ ಮೆಟ್ಟಿಲುಗಳನ್ನು, ಅಂದರೆ ನಡುವಿನ ನೂರಿನ್ನೂರು ಪುಸ್ತಕಗಳನ್ನು, ಯಾರೂ ಕಟ್ಟಿಲ್ಲ. ಇನ್ನು ತಾಂಡಾಗಳ ಲಂಬಾಣಿ ಹೆಂಗಸರದು, ಶಹಾಪುರ ಸುರಪುರಗಳ ದಖನಿ ಮಾತನಾಡುವ ಮುಸ್ಲಿಂ ಮಹಿಳೆಯರದು, ಗುರುಮಠಕಲ್ ಕಡೆಯ ತೆಲುಗು ಮನೆಗಳದು ಬೇರೆಯೇ ಸ್ಥಿತಿ. ಅವರಿಗೆ ಅಕ್ಷರದ ಜೊತೆಗೆ ಭಾಷೆಯೂ ಹೊಸದು. ಕನ್ನಡ ಲಿಪಿಯಲ್ಲೇ ಲಂಬಾಣಿ ಹಾಡನ್ನು ಅಚ್ಚು ಹಾಕಿ ಅವರ ಮುಂದಿಟ್ಟರೆ ಅದರಿಂದ ಕನ್ನಡಕ್ಕೆ ನಷ್ಟವೇನೂ ಆಗದು.

ಈ ಕೊರತೆಗೆ ಒಂದು ಇತಿಹಾಸವೂ ಇದೆ. ಹಳೆಯ ಮೈಸೂರಿನಲ್ಲಿ 1940ರ ದಶಕದಿಂದಲೇ ವಯಸ್ಕರ ಶಿಕ್ಷಣ ಸಮಿತಿಯ ಕೆಲಸ ನಡೆಯಿತು. ಹೊಸದಾಗಿ ಓದಲು ಕಲಿತವರಿಗೆಂದೇ ಅದು 'ಬೆಳಕು' ಎಂಬ ವಾರಪತ್ರಿಕೆಯನ್ನು ಹೊರಡಿಸುತ್ತಿತ್ತು. ಅದೇ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಕನ್ನಡ ಕಲಿಯುವ ಗಂಡಸಿಗೇ ದಾರಿ ಕಿರಿದಾಗಿದ್ದಾಗ ಹೆಂಗಸಿನ ಮಾತು ದೂರವೇ ಉಳಿಯಿತು. 1956ರಲ್ಲಿ ರಾಜ್ಯ ಒಂದಾದಾಗ ಗಡಿ ಅಳಿಸಿತು. ಆದರೆ ಒಂದು ಕಡೆ ಬೆಳೆದಿದ್ದ ಓದಿನ ವ್ಯವಸ್ಥೆ ಇನ್ನೊಂದು ಕಡೆಗೆ ತಾನಾಗಿ ಹರಿದು ಬರಲಿಲ್ಲ.

ಇದೇ ನೆಲದ ಇನ್ನೂ ಹಿಂದಿನ ಚರಿತ್ರೆ ಬೇರೆಯ ಮಾತನ್ನೇ ಹೇಳುತ್ತದೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ನೇಕಾರನಾದ ಆತನ ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಆಕೆಯ ಹೆಸರಿನಲ್ಲಿ ಕೆಲವೇ ವಚನಗಳು ಉಳಿದಿವೆ. ಕೃಷ್ಣಾ ತೀರದ ತಿಂಥಣಿಯಲ್ಲಿ ಮೌನೇಶ್ವರನ ಪರಂಪರೆ, ಕೊಡೇಕಲ್ಲಿನಲ್ಲಿ ಕಾಲಜ್ಞಾನದ ಪರಂಪರೆ. ಇವೆಲ್ಲ ಹೆಂಗಸರ ಬಾಯಲ್ಲಿ ಹಾಡಾಗಿ ಇವೆ. ಬೀಸುವ ಪದ, ಸೋಬಾನೆ ಪದ, ಮೊಹರಮ್ಮಿನ ಅಲಾಯಿ ಪದ, ಮೈಲಾಪುರದ ಮಲ್ಲಯ್ಯನ ಜಾತ್ರೆಯ ಹಾಡು ಎಲ್ಲವೂ ಅವರಿಗೆ ಕಂಠಪಾಠ. ಪಕ್ಕದ ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲೇ 'ಗರತಿಯ ಹಾಡು' ಸಂಕಲಿಸಿ ಕನ್ನಡದ ವಿದ್ವಾಂಸರನ್ನು ಬೆರಗುಗೊಳಿಸಿದರು. ಅಂಥ ಹಾಡುಗಳ ಮೇಲೆ ಎಷ್ಟೋ ಸಂಶೋಧನಾ ಪ್ರಬಂಧಗಳು ಬಂದಿವೆ. ಹಾಡಿದವರ ಕೈಗೇ ಅವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ ಕೊಡಬಹುದಿತ್ತು ಎಂಬ ಯೋಚನೆ ನಮಗೇಕೆ ಬರಲಿಲ್ಲ? ನೆನಪಿನಲ್ಲಿ ಆಗಲೇ ಇರುವ ಪದ್ಯದ ಮುಂದಿನ ಪದವನ್ನು ಕಣ್ಣು ಊಹಿಸುತ್ತದೆ, ಅಕ್ಷರ ಅದನ್ನು ಖಚಿತಪಡಿಸುತ್ತದೆ. ಹೊಸ ಓದುಗರಿಗೆ ಇದಕ್ಕಿಂತ ಹಿತವಾದ ಪಾಠ ನನಗೆ ಗೊತ್ತಿಲ್ಲ.

ಸರಿಯಾದ ಒಂದು ಪಾಠ ಏನು ಮಾಡಬಲ್ಲದು ಎಂಬುದಕ್ಕೆ ನೆರೆಯ ಆಂಧ್ರವೇ ಸಾಕ್ಷಿ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ಸಾಕ್ಷರತಾ ಪ್ರವೇಶಿಕೆಯಲ್ಲಿ ಸೀತಮ್ಮನೆಂಬ ಹೆಂಗಸಿನ ಕಥೆಯಿತ್ತು. ಗಂಡನ ಕುಡಿತದಿಂದ ಹಾಳಾದ ಸಂಸಾರದ ಕಥೆ. ರಾತ್ರಿ ಶಾಲೆಯಲ್ಲಿ ಅದನ್ನು ಓದಿದ ಹೆಂಗಸರು ತಮ್ಮ ಮನೆಯ ಮಾತನ್ನೇ ಆಡತೊಡಗಿದರು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ಘಟನೆಯೇ ಮುಂದಿನ ಪುಸ್ತಕದಲ್ಲಿ ಪಾಠವಾಯಿತು. ಅದನ್ನು ಓದಿದ ಬೇರೆ ಹಳ್ಳಿಗಳವರೂ ಎದ್ದರು. 1993ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನೇ ನಿಷೇಧಿಸಬೇಕಾಯಿತು. ಆ ಪಾಠದ ಕರ್ತೃಗಳು ಕುಡಿತದ ದುಷ್ಪರಿಣಾಮಗಳ ಪಟ್ಟಿ ಕೊಟ್ಟಿದ್ದರೆ ಇದು ಆಗುತ್ತಿತ್ತೆಂದು ನಾನು ನಂಬುವುದಿಲ್ಲ. ಉತ್ತರ ಪ್ರದೇಶದ ಬುಂದೇಲಖಂಡದಲ್ಲಿ ಇನ್ನೊಂದು ಮಾದರಿಯಿದೆ. ಬಾಂದಾ ಜಿಲ್ಲೆಯ ಮಹಿಳಾ ಸಮಖ್ಯಾ ಕಾರ್ಯಕ್ರಮದಲ್ಲಿ ಹೊಸದಾಗಿ ಅಕ್ಷರ ಕಲಿತ ಹೆಂಗಸರು 'ಮಹಿಳಾ ಡಾಕಿಯಾ' ಎಂಬ ಹಾಳೆಯನ್ನು ತಾವೇ ಹೊರಡಿಸಿದರು. ಅದರ ಮುಂದುವರಿಕೆಯಾಗಿ 2002ರಲ್ಲಿ ಚಿತ್ರಕೂಟದಿಂದ ಬುಂದೇಲಿ ಭಾಷೆಯ 'ಖಬರ್ ಲಹರಿಯಾ' ಪತ್ರಿಕೆ ಹೊರಟಿತು; 2009ರಲ್ಲಿ ಯುನೆಸ್ಕೊದ ಸಾಕ್ಷರತಾ ಪ್ರಶಸ್ತಿ ಅದಕ್ಕೆ ಬಂತು. ಅದೇ ಮಹಿಳಾ ಸಮಖ್ಯಾ ಕರ್ನಾಟಕದಲ್ಲೂ 1989ರಿಂದ ಇತ್ತು. ಆದರೆ ಯಾದಗಿರಿ ಸೀಮೆಯಲ್ಲಿ ಖಬರ್ ಲಹರಿಯಾದಂಥ ಪತ್ರಿಕೆಯೊಂದು ಬೇರೂರಲಿಲ್ಲ.

ಮೊಬೈಲು ಬಂದ ಮೇಲೆ ಓದಿನ ಅಗತ್ಯವೇ ಇಲ್ಲ, ಧ್ವನಿ ಸಂದೇಶ ಕಳಿಸಿದರಾಯಿತು ಎನ್ನುವವರಿದ್ದಾರೆ. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಗುಳೆ ಹೋದ ಮಗನ ದನಿ ಕೇಳಲು ಈಗ ಕಾಗದ ಬೇಕಿಲ್ಲ. ಆದರೆ ಹಣದ ವ್ಯವಹಾರ ಮಾತ್ರ ಅಕ್ಷರವನ್ನು ಬಿಟ್ಟಿಲ್ಲ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿ ಆಕೆಯ ಖಾತೆಗೇ ಬರುವಂತಾಯಿತು. ಬಂದಿದೆಯೇ, ಎಷ್ಟು ಬಂದಿದೆ, ಯಾರು ತೆಗೆದರು ಎಂಬುದು ಪಾಸ್‌ಬುಕ್ಕಿನ ಸಾಲುಗಳಲ್ಲಿದೆ. ಕಿರುಸಾಲದ ಕಥೆ ಇನ್ನೂ ಗಂಭೀರ. ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದಲೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲದ ಕಾರ್ಡಿನಲ್ಲಿ ಎಲ್ಲ ವಿವರಗಳೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ನಿರ್ದೇಶಿಸಿದೆ. ಒಳ್ಳೆಯ ನಿಯಮ. ಆದರೆ ಭಾಷೆ ಅರ್ಥವಾಗಿ ಅಕ್ಷರ ಅರ್ಥವಾಗದವಳಿಗೆ ಆ ಕಾರ್ಡಿನಿಂದ ಏನು ಪ್ರಯೋಜನ? ಶಹಾಪುರದ ಹತ್ತಿರ ಇತ್ತೀಚೆಗೆ ಒಬ್ಬಾಕೆ ನನಗೆ ತೋರಿಸಿದ ಕಾರ್ಡಿನಲ್ಲಿ ಕಂತಿನ ಲೆಕ್ಕ ಪೂರ್ತಿ ಕನ್ನಡದಲ್ಲೇ ಇತ್ತು. ತಾನು ಇನ್ನೂ ಎಷ್ಟು ಕಂತು ಕಟ್ಟಬೇಕೆಂದು ಆಕೆ ನನ್ನನ್ನು ಕೇಳಿದಳು. ಎಣಿಸಿ ಹೇಳಿದೆ. ಆಕೆ ಅಂದುಕೊಂಡಿದ್ದಕ್ಕಿಂತ ಅದು ನಾಲ್ಕು ಕಡಿಮೆ ಇತ್ತು.

ನನ್ನ ದೃಷ್ಟಿಯಲ್ಲಿ ಈ ಸಾಲದ ಕಾರ್ಡೇ ಒಂದು ಪಠ್ಯಪುಸ್ತಕ. ಅಸಲು, ಬಡ್ಡಿ, ಕಂತು, ಬಾಕಿ, ತಾರೀಖು ಎಂಬ ಐದು ಪದಗಳಿಂದ ತರಗತಿ ಆರಂಭವಾದರೆ ಹಾಜರಾತಿಗಾಗಿ ಯಾರನ್ನೂ ಮನೆಮನೆಗೆ ಹೋಗಿ ಕರೆಯಬೇಕಾಗದು. ಬಸ್ಸಿನ ಫಲಕಗಳಲ್ಲೂ ಹಾಗೆಯೇ ಪಾಠವಿದೆ. 'ಸುರಪುರ', 'ಶಹಾಪುರ' ಎರಡೂ 'ಪುರ'ದಲ್ಲೇ ಮುಗಿಯುತ್ತವೆ. ವ್ಯತ್ಯಾಸ ಆರಂಭದಲ್ಲಿದೆ, ಅದನ್ನು ತಪ್ಪಿಸಿಕೊಂಡರೆ ಸಂಜೆ ಬೇರೆ ಊರಿನಲ್ಲಿ ಇಳಿಯಬೇಕಾಗುತ್ತದೆ. ಗೋಡೆಯ ಕ್ಯಾಲೆಂಡರಿದೆ: ಕಾರಹುಣ್ಣಿಮೆ, ನಾಗರಪಂಚಮಿ, ಎಳ್ಳಮಾವಾಸ್ಯೆ ಯಾವ ವಾರವೆಂದು ತಿಳಿಯಲು ಆ ಮನೆಯ ಎಲ್ಲರೂ ಅದನ್ನು ನೋಡುತ್ತಾರೆ. ಇವೆಲ್ಲ ಪುಕ್ಕಟೆ ಸಾಮಗ್ರಿ.

ಆದರೆ ಫಲಕ, ಕಾರ್ಡುಗಳಿಂದ ಓದುಗರು ಹುಟ್ಟುವುದಿಲ್ಲ. ಅದಕ್ಕೆ ಕಥೆ ಬೇಕು, ಸುದ್ದಿ ಬೇಕು. ಮಾರುಕಟ್ಟೆ ಇದನ್ನು ಒದಗಿಸದು. ಕೊಳ್ಳುವ ಶಕ್ತಿಯಿಲ್ಲದ ಓದುಗರಿಗಾಗಿ ಯಾವ ಪ್ರಕಾಶಕನೂ ಬಂಡವಾಳ ಹೂಡುವುದಿಲ್ಲ, ಅದಕ್ಕಾಗಿ ಅವನನ್ನು ದೂರಲಾಗದು. ಸಾರ್ವಜನಿಕ ಹಣವೇ ಬೇಕು, ಅದೂ ದೊಡ್ಡ ಮೊತ್ತವಲ್ಲ. 371-ಜೆ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ, ಅನುದಾನವಿದೆ. ಒಂದು ಹಾಳೆಯ ವಾರಪತ್ರಿಕೆ, ದಪ್ಪ ಅಕ್ಷರ, ತಾಲ್ಲೂಕಿನದೇ ಸುದ್ದಿ: ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾದಗಿರಿ ಮಾರುಕಟ್ಟೆಯಲ್ಲಿ ತೊಗರಿ, ಹತ್ತಿಯ ಧಾರಣೆ ಏನು, ಯಾವ ಊರಲ್ಲಿ ಏನು ಜಗಳ, ಒಂದು ಹಾಡು, ಒಂದು ನಗೆಮಾತು, ಓದುಗಿತ್ತಿಯೊಬ್ಬಳು ಹೇಳಿ ಬರೆಸಿದ ನಾಲ್ಕು ಸಾಲು. ಇಂಥದೊಂದು ಹಾಳೆಗೆ ತಗಲುವ ವೆಚ್ಚ ಒಂದು ಕಿಲೋಮೀಟರ್ ರಸ್ತೆಯ ಡಾಂಬರಿಗೆ ಸಮನಾಗಲಾರದು. ಬರೆಯುವವರನ್ನು ಬೆಂಗಳೂರಿನಿಂದ ಕಳಿಸಬೇಕಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಈಗ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಅವ್ವ ಹೇಳಿದ್ದನ್ನು ಮಗಳು ಬರೆದುಕೊಳ್ಳಲಿ, ಅವ್ವ ಅದನ್ನೇ ಓದಲಿ. ತಾನೇ ಆಡಿದ ಮಾತನ್ನು ಅಚ್ಚಿನಲ್ಲಿ ಕಂಡವಳ ಮುಖವನ್ನು ನಾನು ಒಂದೆರಡು ಬಾರಿ ಕಂಡಿದ್ದೇನೆ.

ಇನ್ನು ಸ್ಥಳದ ಪ್ರಶ್ನೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ ಅವುಗಳ ಸ್ಥಿತಿ ಬಹಳಷ್ಟು ಸುಧಾರಿಸಿದೆ. 2020ರ 'ಓದುವ ಬೆಳಕು' ಅಭಿಯಾನದಿಂದ ಮಕ್ಕಳು ಅಲ್ಲಿಗೆ ಬರತೊಡಗಿದರು. ಇದು ಮೆಚ್ಚಬೇಕಾದ ಕೆಲಸ. ಆದರೆ ಕಳೆದ ಚಳಿಗಾಲದಲ್ಲಿ ಶಹಾಪುರ, ಸುರಪುರ ರಸ್ತೆಯ ಮೂರು ಪಂಚಾಯಿತಿಗಳ ಗ್ರಂಥಾಲಯಗಳನ್ನು ಖಾಸಗಿಯಾಗಿ ನೋಡಿ ಬಂದೆ. ಮಕ್ಕಳಿದ್ದರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದ ಯುವಕರಿದ್ದರು, ಪತ್ರಿಕೆ ಓದುವ ಹಿರಿಯ ಗಂಡಸರಿದ್ದರು. ಹೆಂಗಸರು ಒಬ್ಬರೂ ಇರಲಿಲ್ಲ. ಹೊಸದಾಗಿ ಓದುವವರಿಗೆಂದು ಪ್ರತ್ಯೇಕ ಕಪಾಟು ಇದೆಯೇ ಎಂದು ಕೇಳಿದಾಗ ಮೇಲ್ವಿಚಾರಕಿಯೊಬ್ಬರು ನನ್ನನ್ನು ಮಕ್ಕಳ ಕಪಾಟಿನ ಬಳಿಗೆ ಕರೆದೊಯ್ದರು. ಬಾಗಿಲು ತೆರೆದಿರುವ ಹೊತ್ತಿನಲ್ಲಿ ಹೆಂಗಸರು ಹೊಲದಲ್ಲಿರುತ್ತಾರೆ, ಅವರು ಮನೆಗೆ ಬಂದು ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಬೀಗ ಬಿದ್ದಿರುತ್ತದೆ ಎಂಬುದನ್ನು ಆಕೆಯೇ ಹೇಳಿದರು. ವಾರದಲ್ಲಿ ಎರಡು ದಿನ ರಾತ್ರಿ ಎಂಟರಿಂದ ಒಂಬತ್ತೂವರೆವರೆಗೆ ತೆರೆಯಲು ತಾವು ಸಿದ್ಧ, ಅದಕ್ಕೆ ಆದೇಶ ಬೇಕು, ಇಡಲು ಪುಸ್ತಕ ಬೇಕು ಎಂದೂ ಅಂದರು.